ಚಪ್ಪಲಿ ಬಿಟ್ಟು ಬಂದ ಕೂಲರುಗಳು

ವಿಶ್ವವಿದ್ಯಾಲಯದ ವಿದ್ಯಾರ್ಥಿ ನಿಲಯಗಳ ಮುಖ್ಯ ಪಾಲಕರಿಗೆ,

ಮಾನ್ಯರೇ ಎಂದು ಶುರುಮಾಡಿದರೆ ಇದೂ ಒಂದು ಅರ್ಜಿಯಾಗಿ ನಿಮ್ಮ ಕಪಾಟಿನಲ್ಲಿ ತಣ್ಣಗಾಗುತ್ತದೆ ಎಂಬ ಅಂಜಿಕೆ ನನಗಿದೆ. ಆದ್ದರಿಂದ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಜನವರಿಯಲ್ಲಿ ಕಮಲಾಪುರದಲ್ಲಿ ನೀವು ಮೇಳ ಮಾಡಿ ಹಂಚಿದ ಹಳೆಯ ಕೂಲರುಗಳನ್ನು ವಾಪಸು ತೆಗೆದುಕೊಳ್ಳಿ. ಈ ವಾರವೇ ತೆಗೆದುಕೊಳ್ಳಿ. ಅವುಗಳಲ್ಲಿ ಒಂದು ನನ್ನ ಅಕ್ಕನನ್ನು ಹಿಡಿದುಕೊಂಡು ಬಿಡದೆ ನಿಂತಿತ್ತು. ಉಳಿದವು ಯಾರ ಯಾರ ಮನೆಯಲ್ಲಿವೆ ಎಂಬುದು ನನಗೆ ತಿಳಿಯದು. ಕೊಟ್ಟವರಾದ ನಿಮಗೂ ತಿಳಿಯದು ಎಂಬುದು ನಿಮ್ಮ ಕಚೇರಿಗೆ ಬಂದು ಹೋದ ಮೇಲೆ ಗೊತ್ತಾಯಿತು. ಇದು ಮಾರ್ಚ್ ತಿಂಗಳು. ನಮ್ಮ ಕಡೆ ಮಾರ್ಚ್ ಎಂದರೇನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಕೋಣೆಯ ಕಿಟಕಿಗಳನ್ನು ಆಗಲೇ ಮುಚ್ಚಿಸಿ ಏಸಿ ಹಾಕಿಸಿದ್ದನ್ನು ಕಂಡು ಬಂದಿದ್ದೇನೆ.

ನಾನು ಮರುಬಳಕೆಯ ವಿರೋಧಿಯಲ್ಲ. ಹೀಗೆ ಹೇಳಿಕೊಳ್ಳಬೇಕಾಗಿ ಬಂದದ್ದು ಯಾಕೆಂದರೆ ನಿಮ್ಮ ಕಚೇರಿಯಲ್ಲಿ ನನಗೆ ಆ ಹೆಸರು ಬಂದುಬಿಟ್ಟಿದೆಯಂತೆ. ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ನಾನು ಬೆಳೆದದ್ದು ಇನ್ನೊಬ್ಬರು ಕೂತು ಎದ್ದ ಕುರ್ಚಿಗಳ ಮೇಲೆ, ಇನ್ನೊಬ್ಬರು ಗೆರೆ ಎಳೆದು ಓದಿ ಮುಗಿಸಿದ ಪುಸ್ತಕಗಳ ನಡುವೆ. ಯಾವ ಸಾಲಿನ ಕೆಳಗೆ ಗೆರೆ ಎಳೆಯಬೇಕು ಎಂಬುದನ್ನು ಸಹ ನಾನು ಅಪರಿಚಿತರಿಂದ ಕಲಿತವನು. ಕಮಲಾಪುರಕ್ಕೆ ಮದುವೆಯಾಗಿ ಹೋದ ನನ್ನ ಅಕ್ಕ ಪುತಳಾಬಾಯಿ ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುತ್ತಾಳೆ. ನಿಮ್ಮ ಹುಡುಗರು ಬಿಟ್ಟುಹೋದ ಚಾದರಗಳೂ ಮೇಳದಿಂದ ಬಂದು ಅವಳ ಕೌದಿಯೊಳಗೆ ಸೇರಿವೆ. ಹೊಲಿಯುವ ಮೊದಲು ಪ್ರತಿ ತುಂಡನ್ನೂ ನೆಲದ ಮೇಲೆ ಹಾಸಿ, ಅಂಗೈಯಿಂದ ಎರಡೂ ಬದಿ ಸವರುತ್ತಾಳೆ. ಮುರಿದ ಸೂಜಿ, ಟಾಚಣಿ, ತುಕ್ಕು ಹಿಡಿದ ಹುಕ್ಕು ಏನಾದರೂ ಉಳಿದಿದ್ದರೆ ಕೈಗೆ ಹತ್ತುತ್ತದೆ. "ಮಂದಿ ಮೈಮ್ಯಾಲಿನ ಅರಿವಿ, ಅದರಾಗ ಏನೇನು ಉಳಿದಿರ್ತೈತೋ ಯಾರು ಬಲ್ಲರು" ಎನ್ನುತ್ತಾಳೆ. ಅವ್ವನೂ ಹೀಗೆಯೇ ಸವರುತ್ತಿದ್ದಳು. ನಮ್ಮ ಕಡೆ ಕೌದಿ ಹೊಲಿಯುವ ಮನೆಗಳಲ್ಲೆಲ್ಲ ಹೀಗೆಯೇ ಸವರುತ್ತಾರೆ.

ಕೊಡುವವರು ಸವರಿ ಕೊಡುತ್ತಾರೆಂದು ನಂಬಿದ್ದು ಅವಳ ತಪ್ಪಾಗಿದ್ದರೆ, ಆ ತಪ್ಪನ್ನು ಒಪ್ಪಿಕೊಳ್ಳೋಣ.

ನಿಮ್ಮ ನಿಲಯಗಳು ಪ್ರತಿ ಮೇ ತಿಂಗಳಲ್ಲಿ ಖಾಲಿಯಾಗುತ್ತವೆ. ಪರೀಕ್ಷೆ ಮುಗಿದ ಹುಡುಗರು ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಬಕೆಟ್ಟು, ಮಗ್ಗು, ಒಡಕು ಕನ್ನಡಿ, ಹತ್ತಿ ಗಂಟುಗಟ್ಟಿದ ಗಾದಿ, ಸ್ಪರ್ಧಾತ್ಮಕ ಪರೀಕ್ಷೆಗಳ ದಪ್ಪ ಪುಸ್ತಕಗಳು ಕೋಣೆಯಲ್ಲೇ ಉಳಿಯುತ್ತವೆ. ಕೂಲರುಗಳೂ ಉಳಿಯುತ್ತವೆ. ನಿಯಮದ ಪ್ರಕಾರ ನಿಮ್ಮಲ್ಲಿ ಕೂಲರು ಇರುವಂತಿಲ್ಲ. ಹಾಗೆಂದು ಪ್ರತಿ ಮಹಡಿಯಲ್ಲೂ ಬರೆಸಿ ಹಾಕಿದ್ದೀರಿ. ಆ ಬರಹದ ಕೆಳಗೇ ಕೂಲರಿನ ಪೆಟ್ಟಿಗೆಗಳು ಗುಂಯ್ ಎನ್ನುತ್ತಿದ್ದವು ಎಂದು ಅಲ್ಲಿ ಇದ್ದವರು ಹೇಳುತ್ತಾರೆ. ತಗಡಿನ ಮೈ, ಮೂರು ಕಡೆ ಹುಲ್ಲಿನ ಜಾಳಿಗೆ, ತಳದಲ್ಲಿ ನೀರು, ನೀರೆತ್ತಲು ಒಂದು ಪುಟ್ಟ ಮೋಟರು: ನಮ್ಮ ಊರಿನ ಸಾಮಾನ್ಯ ಕೂಲರುಗಳು. ದೊಡ್ಡವರು ಚಿಕ್ಕವರಿಗೆ ಕೊಟ್ಟು, ಚಿಕ್ಕವರು ದೊಡ್ಡವರಾಗಿ ಮತ್ತೆ ಚಿಕ್ಕವರಿಗೆ ಕೊಟ್ಟು, ಯಾರೂ ಬೇಡವೆಂದಾಗ ಮೂಲೆ ಸೇರಿದಂಥವು.

ಮೊದಲೆಲ್ಲ ಇವುಗಳನ್ನು ನಮ್ಮೂರ ರೋಜಾ ಬಡಾವಣೆಯ ಗುಜರಿ ವ್ಯಾಪಾರಿ ನಬಿಸಾಬ್ ಟೆಂಪೋ ತಂದು ಒಯ್ಯುತ್ತಿದ್ದರು. ಹೋದ ವರ್ಷ ನೀವು ಅದನ್ನು ನಿಲ್ಲಿಸಿದಿರಿ. 'ಶೂನ್ಯ ತ್ಯಾಜ್ಯ ನಿಲಯ' ಎಂಬ ಯೋಜನೆ ಬಂತು. ಬಿಳಿ ಟೋಪಿ ಹಾಕಿದ ಸ್ವಯಂಸೇವಕರು ಅರಿವೆಯನ್ನು ಅರಿವೆಯ ಜೊತೆ, ರಬ್ಬರನ್ನು ರಬ್ಬರಿನ ಜೊತೆ, ಕಬ್ಬಿಣವನ್ನು ಕಬ್ಬಿಣದ ಜೊತೆ ಬೇರ್ಪಡಿಸಿದರು. ಎಲ್ಲವೂ ಗೋದಾಮು ಸೇರಿತು. ಮಳೆಗಾಲವಿಡೀ ಸೋರುವ ಸೂರಿನ ಕೆಳಗೆ ನೆನೆಯಿತು. ಜನವರಿಯಲ್ಲಿ ಕಮಲಾಪುರದಲ್ಲಿ ಪೆಂಡಾಲು ಎದ್ದಿತು. ನಿಮ್ಮ ತ್ಯಾಜ್ಯ ಶೂನ್ಯವಾಯಿತು, ನಿಜ. ಶೂನ್ಯವಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಭ್ಯಾಸ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಉಳಿದಿದೆಯೇ?

ಆ ದಿನದ ಒಂದು ಫೋಟೋ ಅಕ್ಕನ ಮನೆಯಲ್ಲಿದೆ. ಅಕ್ಕ ಸೆರಗು ಹೊದ್ದು ಒಂದು ಪಕ್ಕ, ನೀವು ಇನ್ನೊಂದು ಪಕ್ಕ, ನಡುವೆ ಹಸಿರು ಬಣ್ಣ ಬಳಿದ ಕೂಲರು. ನಿಮ್ಮ ಬಲಗೈ ಅದರ ತಲೆಯ ಮೇಲಿದೆ, ಚೆನ್ನಾಗಿ ಓದುವ ಹುಡುಗನ ತಲೆಯ ಮೇಲೆ ಇಟ್ಟಂತೆ. ಅದಕ್ಕೆ ಆಗ ಕರೆಂಟು ಇರಲಿಲ್ಲ.

ಮಾರ್ಚ್ ಮೊದಲ ವಾರ ಒಮ್ಮೆಲೇ ಸೆಕೆ ಏರಿತಲ್ಲ, ಆಗ ಅಕ್ಕ ಅದನ್ನು ಹಾಕಿದಳು. ಮಧ್ಯಾಹ್ನ. ನೆಲ ಒರೆಸಿ ಮುಗಿಸಿದ್ದಳು, ಇನ್ನೂ ಒಣಗಿರಲಿಲ್ಲ. ಕೊಡದಿಂದ ಕೂಲರಿಗೆ ನೀರು ಹೊಯ್ದು, ಸ್ವಿಚ್ಚು ಹಾಕಿ, ಹುಲ್ಲಿನ ಜಾಳಿಗೆ ಸರಿಯಾಗಿ ಕೂತಿಲ್ಲವೆಂದು ಒತ್ತಲು ಕೈ ಇಟ್ಟಳು. ಕೈ ಅಲ್ಲೇ ಉಳಿಯಿತು. ಅವಳು ನನಗೆ ಹೇಳಿದ್ದು ಇಷ್ಟೇ: "ಕೂಗಬೇಕಂದ್ರ ಬಾಯಿ ನಂದಲ್ಲದಂಗ ಆಗಿತ್ತು ತಮ್ಮಾ. ಎಲ್ಲಾ ಕಾಣಾಕತ್ತಿತ್ತು. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಗಾಳಿಗಿ ಹಾರಾಡಾಕತ್ತಿತ್ತು."

ಪಕ್ಕದ ಮನೆಯ ಲತೀಫಾ ಮೊಸರಿಗೆ ಹೆಪ್ಪು ಕೇಳಲು ಬಂದವಳು ಹೊಸ್ತಿಲಲ್ಲಿ ನಿಂತು ನಕ್ಕಳಂತೆ. "ಏನ್ ಪುತಳಕ್ಕ, ಕೂಲರ್ ಬಂದ ಮ್ಯಾಲ ನಮ್ಮ ಕಡೆ ನೋಡಾಕೂ ತಯಾರಿಲ್ಲ. ಥೋಡೆ ಸರಿ, ನಮಗೂ ಗಾಳಿ ಬರ್ಲಿ."

ಅಕ್ಕ ಸರಿಯಲಿಲ್ಲ.

"ಮಾತಾಡಾಕೂ ಸೊಕ್ಕೇನ?" ಎಂದು ಲತೀಫಾ ಇನ್ನೊಂದು ಮಾತು ಆಡಿದಳು. ಆ ಮಾತನ್ನು ನೆನೆದು ಅವಳು ಈಗಲೂ ಅಳುತ್ತಾಳೆ. ಆಮೇಲೆ ಸುಟ್ಟ ವಾಸನೆ ಬಂತು. ಹೊರಗೆ ಬಟ್ಟೆ ಒಣಹಾಕುವ ಬಿದಿರಿನ ಕೋಲು ಇತ್ತು. ಲತೀಫಾ ಅದನ್ನು ತಂದು ಬೋರ್ಡಿಗೆ ಹೊಡೆದಳು. ಪ್ಲಗ್ಗು ಕಿತ್ತು ಬಂತು, ಅಕ್ಕ ಬಿದ್ದಳು.

ಅಕ್ಕ ಬದುಕಿದ್ದಾಳೆ. ಅಂಗೈಯ ಗಾಯ ಮಾಗುತ್ತಿದೆ. ಬೆರಳುಗಳಿಗೆ ಸೂಜಿಯ ಅರಿವು ಇನ್ನೂ ಬಂದಿಲ್ಲ. ಅದು ಬರಬಹುದು ಎಂದು ಡಾಕ್ಟರು ಹೇಳುತ್ತಾರೆ. ಅವರು ಏನೂ ಹೇಳದೆ ಬಿಟ್ಟ ಸಂಗತಿಯೊಂದಿದೆ. ಅಕ್ಕ ಈಗ ಬಾಗಿಲ ಚಿಲಕವನ್ನು ಸೆರಗು ಸುತ್ತಿಕೊಂಡು ತೆಗೆಯುತ್ತಾಳೆ. ನೀರು ತುಂಬಿದ ಸ್ಟೀಲಿನ ಚೆಂಬಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ, ಬೆರಳ ತುದಿಯಿಂದ ಮುಟ್ಟುತ್ತಾಳೆ, ಏನೂ ಆಗದಿದ್ದರೆ ಎತ್ತುತ್ತಾಳೆ. ಇಷ್ಟು ದಿನ ತನ್ನದಾಗಿದ್ದ ಮನೆಯಲ್ಲಿ ಯಾವ ವಸ್ತು ಯಾವಾಗ ಹಿಡಿದುಕೊಳ್ಳುತ್ತದೆ ಎಂದು ತಿಳಿಯದೆ ಬಾಳುವುದು ಹೇಗಿರುತ್ತದೆ ಎಂದು ನಾನು ಯೋಚಿಸುತ್ತೇನೆ. ಯೋಚನೆ ಪೂರ್ತಿಯಾಗುವುದಿಲ್ಲ. ನಡುವೆ ಎಲ್ಲೋ ನನ್ನ ಕೈಯೂ ಸ್ವಿಚ್ಚಿನ ಹತ್ತಿರ ತಡೆದು ನಿಲ್ಲುತ್ತದೆ.

ಹಳೆಯ ಕೂಲರು, ಎಲ್ಲೋ ತಂತಿ ಸವೆದಿತ್ತು, ಅಕಸ್ಮಾತ್ ಆಯಿತು ಎಂದು ನಾನೂ ಸುಮ್ಮನಾಗುತ್ತಿದ್ದೆನೇನೋ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇರುವ ಮೌನೇಶ ನನ್ನನ್ನು ಸುಮ್ಮನಿರಗೊಡಲಿಲ್ಲ. ಸಂಶೋಧನೆ ಮಾಡುವ ಹುಡುಗ. ನಿಮ್ಮ ನಿಲಯದಲ್ಲೇ ಇದ್ದು ಬಂದವನು. ಅಕ್ಕನ ಸುದ್ದಿ ಕೇಳಿ ಕೆಳಗೆ ಬಂದ. ಎಲ್ಲರೂ ಕೇಳುವಂತೆ ಹೇಗಿದ್ದಾರೆ, ಯಾವ ಆಸ್ಪತ್ರೆ ಎಂದು ಕೇಳಲಿಲ್ಲ.

"ಅಕ್ಕೋರು ಚಪ್ಪಲಿ ಹಾಕ್ಕೊಂಡಿದ್ದಿಲ್ಲೇನ್ರಿ ಸರ್ರ?" ಎಂದ.

ನನಗೆ ಸಿಟ್ಟು ಬಂತು. "ಮನಿಯೊಳಗ ಯಾರು ಚಪ್ಪಲಿ ಹಾಕ್ಕೊಂಡು ಅಡ್ಡಾಡ್ತಾರೋ?"

"ಹಾಸ್ಟೆಲ್‌ನ್ಯಾಗ ಹಾಕ್ಕೊಳ್ತಿದ್ವಿರಿ," ಎಂದ. "ಚಪ್ಪಲಿ ಇಲ್ಲದ ಕೂಲರ್ ಮುಟ್ಟಂಗೇ ಇಲ್ರಿ. ಕೂಲರ್ ಬಾಜೂಕೇ ಒಂದು ಜೋಡಿ ರಬ್ಬರ್ ಚಪ್ಪಲಿ ಇಟ್ಟಿರ್ತಿದ್ವಿ. ಯಾರ್ದೂ ಅಲ್ಲ ಅವು. ಕೂಲರಿನ ಚಪ್ಪಲಿ."

ಆಮೇಲೆ ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ಇದು ನಿಮಗೆ ಗೊತ್ತಿಲ್ಲವೆಂದೇ ನಾನು ನಂಬಲು ಬಯಸುತ್ತೇನೆ. ಕೂಲರಿನ ವಾಯರಿನಲ್ಲಿ ಮೂರು ತಂತಿಗಳಿರುತ್ತವೆ. ಹಸಿರು ತಂತಿಯ ಕೆಲಸ, ತಗಡಿಗೆ ಸೋರಿದ ಕರೆಂಟನ್ನು ಭೂಮಿಗೆ ಒಯ್ಯುವುದು. ಹಳೆಯ ಮೋಟರುಗಳೆಲ್ಲ ಸ್ವಲ್ಪ ಸ್ವಲ್ಪ ಸೋರುತ್ತವೆ. ಸೋರಿದ್ದು ಹಸಿರು ತಂತಿಯ ಮೂಲಕ ಹರಿದ ತಕ್ಷಣ ನಿಮ್ಮ ನಿಲಯದ ಟ್ರಿಪ್ ಸ್ವಿಚ್ಚು ಬೀಳುತ್ತದೆ, ಇಡೀ ಮಹಡಿ ಕತ್ತಲಾಗುತ್ತದೆ. ಆಗ ವಾರ್ಡನ್ನರು ಬರುತ್ತಾರೆ, ನಿಷೇಧಿತ ಕೂಲರು ಸಿಕ್ಕಿಬೀಳುತ್ತದೆ. ಹುಡುಗರು ಇದಕ್ಕೆ ಸುಲಭದ ದಾರಿ ಕಂಡುಕೊಂಡರು. ಹಸಿರು ತಂತಿಯನ್ನೇ ಕತ್ತರಿಸಿದರು. ಮಹಡಿ ಕತ್ತಲಾಗುವುದು ನಿಂತಿತು, ವಾರ್ಡನ್ನರು ಬರುವುದು ನಿಂತಿತು, ಕರೆಂಟು ಮಾತ್ರ ಹೋಗಲು ದಾರಿಯಿಲ್ಲದೆ ತಗಡಿನ ಮೇಲೇ ಕೂತಿತು. ಅದಕ್ಕೇ ಚಪ್ಪಲಿ. ಬೇಸಿಗೆಯ ಮೊದಲ ದಿನ ಹಳಬರು ಹೊಸಬರನ್ನು ಕೂರಿಸಿಕೊಂಡು ಕಲಿಸುವ ಮೊದಲ ಪಾಠ ಅದಂತೆ. ಯಾರಾದರೂ ಮರೆತು ಬರಿಗಾಲಲ್ಲಿ ಮುಟ್ಟಿದರೂ ಅಲ್ಲಿ ಟ್ರಿಪ್ ಸ್ವಿಚ್ಚು ಬಿದ್ದು ಜೀವ ಉಳಿಯುತ್ತಿತ್ತು. ಕಮಲಾಪುರದ ಎಷ್ಟು ಮನೆಗಳಲ್ಲಿ ಅಂಥ ಸ್ವಿಚ್ಚು ಇದೆ?

"ಎಲ್ಲಾ ಕೂಲರಿಗೂ ಹಿಂಗೇ ಮಾಡಿದ್ರೇನು?" ಎಂದು ಕೇಳಿದೆ.

"ನಮ್ಮ ಮಹಡಿಯಾಗ ಎಲ್ಲಾಕ್ಕೂ ರಿ. ಉಳಿದ ಮಹಡಿಯಾಗ ಮಾಡಿರಂಗಿಲ್ಲ ಅಂತ ಹೆಂಗ ಹೇಳಾಕ ಬರ್ತೈತ್ರಿ?"

ಹಾಗಾದರೆ ಆ ಚಪ್ಪಲಿಗಳು ಏನಾದವು? ಅವು ರಬ್ಬರು. ನಿಮ್ಮ ಬಿಳಿ ಟೋಪಿಯ ಸ್ವಯಂಸೇವಕರು ರಬ್ಬರನ್ನು ರಬ್ಬರಿನ ಜೊತೆ ಹಾಕಿದರು. ವಿಂಗಡಣೆ ಎಂಬುದು ಎಷ್ಟು ಒಳ್ಳೆಯ ಕೆಲಸ ಮಾನ್ಯರೇ! ಪ್ರತಿಯೊಂದನ್ನೂ ಅದರ ಜಾತಿಯ ಗುಂಪಿಗೆ ಸೇರಿಸಿದರು. ಯಾವುದು ಯಾವುದರ ಪಕ್ಕದಲ್ಲಿ ಯಾಕೆ ಇತ್ತು ಎಂದು ಯಾರೂ ಕೇಳಲಿಲ್ಲ. ತಗಡು ಕಮಲಾಪುರಕ್ಕೆ ಬಂತು, ಅದನ್ನು ಮುಟ್ಟುವ ವಿಧಾನ ಚೀಲದಲ್ಲಿ ಕಟ್ಟಿಸಿಕೊಂಡು ಬೇರೆಲ್ಲೋ ಹೋಯಿತು. ನಿಲಯದಲ್ಲಿ ಇದ್ದವರು ಒಳಗೆ ಚಪ್ಪಲಿ ಹಾಕಿಕೊಂಡರು, ಯಾಕೆಂದರೆ ಅದು ಅವರ ಮನೆಯಲ್ಲ. ಅಕ್ಕ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟಳು, ಯಾಕೆಂದರೆ ಇದು ಅವಳ ಮನೆ. ಅವಳ ತಪ್ಪು ಅಷ್ಟೇ.

ಇನ್ನೊಬ್ಬರ ವಸ್ತು ಮನೆಗೆ ಬಂದಾಗ ಅದರೊಂದಿಗೆ ಬರಬೇಕಾದದ್ದು ಏನು ಎಂದು ನಾನು ಈಚೆಗೆ ಬಹಳ ಯೋಚಿಸುತ್ತೇನೆ. ನಾವು ವಸ್ತುವನ್ನು ಕೊಡುತ್ತೇವೆ, ಅದರ ಉಪಯೋಗವನ್ನು ಹೇಳುತ್ತೇವೆ. ಅದರ ಭಯವನ್ನು ಹೇಳುವುದಿಲ್ಲ. ನಮಗೆ ಆ ಭಯ ರೂಢಿಯಾಗಿಬಿಟ್ಟಿರುತ್ತದೆ, ಕಾಲಿಗೆ ಚಪ್ಪಲಿ ಸೇರುವಷ್ಟು ಸಹಜವಾಗಿ. ಹೆದರುತ್ತಿದ್ದೆವು ಎಂಬುದೇ ಮರೆತಿರುತ್ತದೆ. ಯಾರದೋ ಒಂದು ಕೋಣೆಯಲ್ಲಿ ಹೀಗೆ ಹುದುಗಿಕೊಂಡಿದ್ದ ಭಯವನ್ನು ನೀವು ಮೈಕು ಹಿಡಿದು ಊರಿಗೆ ಹಂಚಿದಿರಿ. ಹಸಿರು ಬಣ್ಣ ಬಳಿಸಿ ಹಂಚಿದಿರಿ.

ಇಷ್ಟು ತಿಳಿದ ಮೇಲೆ ನಾನು ನಿಮ್ಮ ಕಚೇರಿಗೆ ಬಂದೆ. ಮೊದಲು ಸಿಕ್ಕ ಗುಮಾಸ್ತರು ಸೌಜನ್ಯದವರು, ಕೂರಲು ಹೇಳಿದರು.

"ಕೂಲರಾ? ನಮ್ಮ ಹಾಸ್ಟೆಲ್‌ನ್ಯಾಗ ಕೂಲರ್ ಇಲ್ರಿ. ಬಂದ್ ಮಾಡೇವಲ್ಲ."

ನಾನು ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನಿಮ್ಮ ಮುಖವನ್ನೂ ಕೂಲರನ್ನೂ ಸಾಕಷ್ಟು ಹೊತ್ತು ನೋಡಿದರು.

"ಇದಾ? ಇದು ಇತರೆ ಕಬ್ಬಿಣದ ಸಾಮಾನು ರಿ."

"ಗಾಳಿ ಬಿಡ್ತೈತಲ್ರಿ."

"ಬಿಡ್ಲಿ ಬಿಡ್ರಿ. ಕೂಲರ್ ಅಂತ ಹೇಳಿದ್ರ, ನಿಷೇಧ ಇದ್ದಲ್ಲಿ ಹೆಂಗ ಬಂತು ಅಂತ ಮ್ಯಾಲಿನವ್ರು ಕೇಳ್ತಾರ. ನಮ್ಮ ನೌಕರಿನೂ ನೋಡ್ರಿ ಥೋಡೆ."

ಯಾವ ಮನೆಗಳಿಗೆ ಕೊಟ್ಟಿರಿ ಎಂದು ಕೇಳಿದೆ. ಇರದ ವಸ್ತುವನ್ನು ಯಾರಿಗೆ ಕೊಟ್ಟೆವೆಂದು ಹೇಗೆ ಹೇಳುವುದು ಎಂಬ ಭಾವದಲ್ಲಿ ಅವರು ಫ್ಯಾನು ನೋಡಿದರು. ಅಷ್ಟರಲ್ಲಿ ನೀವು ಸಭೆಗೆ ಹೊರಟು ಹೊರಗೆ ಬಂದಿರಿ. ನೆನಪಿದೆಯೋ ಇಲ್ಲವೋ. ನಿಂತಲ್ಲೇ ಕೇಳಿಸಿಕೊಂಡು ಹೇಳಿದಿರಿ: "ನೋಡ್ರಿ, ಒಂದು ಒಳ್ಳೆ ಕೆಲಸ ಶುರು ಆಗೈತಿ. ನೀವು ಓದಿದವ್ರು, ಹಿಂಗ ಭಯ ಹುಟ್ಟಿಸಬ್ಯಾಡ್ರಿ. ಅವ್ರು ಅರಾಮ ಅದಾರಲ್ಲ? ಬೇರೆ ಯಾರೂ ಬಂದು ಹೇಳಿಲ್ಲ ನಮಗ."

ಬೇರೆ ಯಾರೂ ಬಂದಿಲ್ಲ ಎಂಬುದು ನಿಮಗೆ ಸಮಾಧಾನ. ನನಗೆ ನಿದ್ದೆ ಕೆಡಿಸಿದ್ದು ಅದೇ ಮಾತು. ಲತೀಫಾಳಿಗೆ ಆ ಹೊತ್ತಿಗೆ ಹೆಪ್ಪು ಬೇಕಾಗದೆ ಹೋಗಿದ್ದರೆ ನಾನು ನಿಮ್ಮ ಬಾಗಿಲಿಗೆ ದೂರು ಹೇಳಲು ಬರುತ್ತಿರಲಿಲ್ಲ. ಅಕ್ಕನಿಗೆ ವಯಸ್ಸಾಗಿತ್ತು, ಮಧ್ಯಾಹ್ನದ ಬಿಸಿಲಿಗೆ ಎದೆ ನಿಂತಿತು ಎಂದುಕೊಳ್ಳುತ್ತಿದ್ದೆವು. ಹಾಗೆ ಅಂದುಕೊಂಡ ಮನೆ ಈಗಾಗಲೇ ಒಂದಿದ್ದರೆ? ಅಲ್ಲಿಂದ ನಿಮಗೆ ಯಾರು ಬಂದು ಹೇಳಬೇಕು?

ನಾನು ರೋಜಾಕ್ಕೂ ಹೋಗಿ ಬಂದೆ. ನಬಿಸಾಬರು ವರ್ಷಗಟ್ಟಲೆ ಇಂಥವೇ ಕೂಲರುಗಳನ್ನು ಒಯ್ದು ಮಾರಿದವರು. ಅವರಿಂದ ಕೊಂಡವರು ಯಾರೂ ಹೀಗೆ ಸಿಕ್ಕಿಕೊಂಡದ್ದನ್ನು ನಾನು ಕೇಳಿಲ್ಲ. ಅಂಗಡಿಯಲ್ಲಿ ಚಹಾ ತರಿಸಿದರು. ನಾನು ಕಾರಣ ಕೇಳಿದಾಗ ಹೊಟ್ಟೆ ಕುಣಿಸಿ ನಕ್ಕರು.

"ವಾಯರ್ ಎಲ್ಲಿರ್ತಿತ್ರಿ ಅದಕ್ಕ? ಬಂದ ಕೂಡ್ಲೇ ಎಲ್ಲಾ ಕಿತ್ತು ತಾಂಬಾ ತೆಗೀತಿದ್ವಿ. ಮೋಟರೂ ಬಿಚ್ಚಿ ತಾಂಬಾಕ್ಕ ಹಾಕ್ತಿದ್ವಿ. ಬರೇ ಡಬ್ಬಿ ಮಾರ್ತಿದ್ವಿ. ತಗೊಂಡಾವ ಹೊಸ ಮೋಟರ್, ಹೊಸ ವಾಯರ್ ಹಾಕ್ಕೊಂತಿದ್ದ."

"ಒಳ್ಳೇ ಕೆಲಸ ಮಾಡ್ತಿದ್ರಿ," ಎಂದೆ.

"ಅಯ್ ತೌಬಾ! ಪುಣ್ಯಕ್ಕ ಮಾಡ್ತಿದ್ವಿ ಅಂತ ತಿಳ್ಕೊಂಡ್ರೇನ್ರಿ? ತಾಂಬಾಕ್ಕರಿ, ತಾಂಬಾಕ್ಕ. ವಾಯರ್ ಹಂಗೇ ಬಿಟ್ಟು ಮಾರಾಕ ನನಗ ಹುಚ್ಚು ಹಿಡದೈತೇನು?"

ಅವರ ತಾಮ್ರದ ಆಸೆ ಇಷ್ಟು ವರ್ಷ ಊರನ್ನು ಕಾದಿತ್ತು. ಆಸೆಯೇ ಇಲ್ಲದ ನೀವು ವಾಯರು ಸಮೇತ, ಮೋಟರು ಸಮೇತ, ಏನೊಂದನ್ನೂ ಇಟ್ಟುಕೊಳ್ಳದೆ ಕೊಟ್ಟಿರಿ. ದಾನ ಎಂದರೆ ಹೀಗಿರಬೇಕು ಎಂದು ಭಾಷಣದಲ್ಲಿ ಹೇಳಿದಿರಂತೆ.

ಕಡೆಗೆ ನಾನೇ ಹುಡುಕಲು ಹೊರಟೆ. ಭಾನುವಾರ ಹುಮನಾಬಾದ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಲತೀಫಾ ಜೊತೆಗೆ ಬಂದಳು. ಮೇಳದಿಂದ ಹಸಿರು ಪೆಟ್ಟಿಗೆ ತಲೆಯ ಮೇಲೆ ಹೊತ್ತು ಹೋದ ಕೆಲವರ ನೆನಪು ಅವಳಿಗಿತ್ತು. ಒಂದು ಮನೆಯವರು ನಾವು ಹೇಳಿದ್ದನ್ನು ಕೇಳಿ ಪ್ಲಗ್ಗು ತೆಗೆದಿಟ್ಟರು. ಇನ್ನೊಂದು ಮನೆಗೆ ಬೀಗ. ಮತ್ತೊಂದರಲ್ಲಿ ಕೂಲರನ್ನು ಬೀದರಿನ ನೆಂಟರಿಗೆ ಕೊಟ್ಟು ಕಳಿಸಿದ್ದರು. ಅಂದರೆ ಅದು ಇನ್ನೂ ಮುಂದಕ್ಕೆ ಹೋಗಿತ್ತು.

"ಗುಲ್ಶನ್ ಮನಿಗೊಂದು ಬಂದೈತ್ರಿ ಅಣ್ಣಾರ," ಎಂದು ಲತೀಫಾ ಒಂದು ಓಣಿಗೆ ಕರೆದೊಯ್ದಳು. ಚಿಕ್ಕ ವಯಸ್ಸಿನ ತಾಯಿ ಗುಲ್ಶನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಕರೆಂಟು ಹೋಗಿತ್ತು. ಒಳಗೆ ಒಂದೇ ಕೋಣೆ, ಅದರ ಕೊನೆಯಲ್ಲಿ ಅದೇ ಹಸಿರು ಕೂಲರು. ಕೂಲರಿನ ಮುಂದಿನ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕೂಸು ನಿಂತಿತ್ತು. ಆಗಷ್ಟೇ ನಿಲ್ಲಲು ಕಲಿತ ಕೂಸು. ಮೊಳಕಾಲು ಮಡಿಸುವುದು, ಮತ್ತೆ ಎದ್ದು ನಿಲ್ಲುವುದು, ತನ್ನ ಸಾಹಸಕ್ಕೆ ತಾನೇ ನಗುವುದು. ಕಾಲ ಕೆಳಗೆ ಕೂಲರಿನಿಂದ ಸೋರಿದ ನೀರು. ಗೋಡೆಯ ಬೋರ್ಡಿನ ಕಡೆ ನೋಡಿದೆ. ಸ್ವಿಚ್ಚು ಕೆಳಗಿತ್ತು. ಕರೆಂಟು ಬಂದ ಕೂಡಲೇ ಗಾಳಿ ಬರಲೆಂದು ನಾವೆಲ್ಲ ಹಾಗೇ ಬಿಡುತ್ತೇವಲ್ಲ, ಹಾಗೆ.

"ಕೂಸಿನ್ನ ಎತ್ಕೊಳ್ರಿ," ಎಂದೆ.

"ಯಾಕ್ರಿ? ಆಡಾಕತ್ತೈತಿ," ಎಂದಳು.

"ಕೈ ಬಿಡಸ್ರಿ ಮೊದಲ."

"ಕೊಟ್ಟದ್ದು ವಾಪಸ್ ಒಯ್ಯಾಕ ಬಂದೀರೇನ್ರಿ? ಹಂಗ ಸೀದಾ ಹೇಳ್ರಿ. ಮ್ಯಾಲ ತಗಡಿನ ಪತ್ರೆ, ಒಳಗ ಈ ಕೂಸು. ಎಲ್ಲಿ ಹಾಕಿ ಮಲಗಿಸ್ಲಿ ನಾ ಇದನ್ನ?"

ಒಳಗೆ ಕಾಲಿಡಲು ನನಗೆ ಧೈರ್ಯವಾಗಲಿಲ್ಲ. ಗಂಡಸರಿಲ್ಲದ ಮನೆ, ನಾನು ಅಪರಿಚಿತ. ಲತೀಫಾ ಅವಳಿಗೆ ಉರ್ದುವಿನಲ್ಲಿ ಏನೋ ಹೇಳತೊಡಗಿದಳು. ಹೇಳಿ ಮುಗಿಯುವಷ್ಟು ಹೊತ್ತು ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ, ಅದು ಮಾತಾಗಿರಲಿಲ್ಲ. ಕೂಸು ಬೆಚ್ಚಿ ಜಾಲರಿ ಬಿಟ್ಟು ಹಿಂದಕ್ಕೆ ಕೂತು ಅಳತೊಡಗಿತು. ಗುಲ್ಶನ್ ಓಡಿ ಎತ್ತಿಕೊಂಡಳು. ಅವಳು ಬಾಗಿಲ ಕಡೆ ತಿರುಗುವಷ್ಟರಲ್ಲಿ ಕರೆಂಟು ಬಂತು. ಕೂಲರು ಗುಂಯ್ ಎಂದಿತು. ತಣ್ಣನೆಯ ಗಾಳಿ ಹೊಸ್ತಿಲವರೆಗೂ ಬಂದು ನನ್ನ ಮುಖಕ್ಕೆ ಬಡಿಯಿತು.

ಏನೂ ಆಗಲಿಲ್ಲ.

ನನ್ನ ಕಷ್ಟ ಇರುವುದೇ ಇಲ್ಲಿ ಮಾನ್ಯರೇ. ಏನೂ ಆಗಲಿಲ್ಲ ಎಂಬುದಕ್ಕೆ ಫೋಟೋ ಇಲ್ಲ. ಆ ಕೂಲರಿನ ತಂತಿ ಸರಿಯಾಗಿಯೇ ಇದ್ದಿರಬಹುದು, ನಾನು ಒಬ್ಬ ತಾಯಿಯ ಮನೆಯ ಮುಂದೆ ನಿಂತು ಸುಮ್ಮನೆ ಒಂದು ಕೂಸನ್ನು ಹೆದರಿಸಿದ ಹುಚ್ಚನಾಗಿರಬಹುದು. ಗುಲ್ಶನ್ ಹಾಗೇ ತಿಳಿದಳು. "ನಿಮಗೂ ಮಕ್ಕಳಿರಬೇಕಲ್ರಿ, ಹಿಂಗ ಚೀರ್ತಾರೇನು?" ಎಂದು ಬಾಗಿಲು ಹಾಕಿಕೊಂಡಳು. ಮುಚ್ಚಿದ ಬಾಗಿಲಿಗೆ ಲತೀಫಾ ಚಪ್ಪಲಿಯ ಮಾತು ಹೇಳಿದಳು, ಮಗುವನ್ನು ದೂರ ಇಡು ಎಂದಳು. ಒಳಗಿನಿಂದ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ಮರುದಿನ ಲತೀಫಾ ಮತ್ತೆ ಹೋಗಿ ಬಂದಳು, ಅದರ ಮರುದಿನವೂ ಹೋದಳು. ಗುಲ್ಶನ್ ಈಗ ಅವಳನ್ನು ಕಂಡರೆ ಒಳಗೆ ಹೋಗುತ್ತಾಳೆ. ನಮ್ಮನ್ನು ಯಾಕೆ ನಂಬಬೇಕು ಅವಳು? ನಾವು ಅವಳಿಗೆ ಏನನ್ನೂ ಕೊಟ್ಟವರಲ್ಲ. ಕೊಟ್ಟವರು ನೀವು. ಹಾರ ಹಾಕಿಕೊಂಡು, ಕೈ ಇಟ್ಟು, ಇದು ಒಳ್ಳೆಯದು ಎಂದವರು ನೀವು. ಇದು ಒಳ್ಳೆಯದಲ್ಲ ಎಂದು ನೀವು ಹೇಳಿದರೆ ಮಾತ್ರ ಅವಳು ಕೇಳುತ್ತಾಳೆ.

ಆದ್ದರಿಂದ ಕೇಳುತ್ತಿದ್ದೇನೆ. ಮೇಳದ ದಿನ ಓಣಿ ಓಣಿ ತಿರುಗಿದ ಆ ಮೈಕಿನ ಗಾಡಿಯನ್ನು ಮತ್ತೆ ಕಳುಹಿಸಿ. ಕನ್ನಡದಲ್ಲಿ ಹೇಳಿಸಿ, ಉರ್ದುವಿನಲ್ಲಿ ಹೇಳಿಸಿ: ಹಸಿರು ಬಣ್ಣದ ಕೂಲರುಗಳ ಪ್ಲಗ್ಗು ತೆಗೆಯಿರಿ, ಮುಟ್ಟಬೇಡಿ, ನಾವು ಬರುತ್ತಿದ್ದೇವೆ. ಆಮೇಲೆ ಖುದ್ದಾಗಿ ಬನ್ನಿ. ಪ್ರತಿಯೊಂದನ್ನೂ ಒಯ್ದು ಮೋಟರು ಬದಲಿಸಿ, ಕತ್ತರಿಸಿದ ತಂತಿ ಜೋಡಿಸಿ. ಆ ತಂತಿ ಹೋಗಿ ಸೇರಬೇಕಾದ ಭೂಮಿ, ಎಂದರೆ ಅರ್ಥಿಂಗು, ಆಯಾ ಮನೆಯ ಬೋರ್ಡಿನ ಹಿಂದೆ ಇದೆಯೇ ಎಂದು ನೋಡಿಸಿ ಕೊಡಿ. ಅದಾಗುವವರೆಗೆ ಆ ಮನೆಗಳಿಗೆ ಫ್ಯಾನು ಕೊಡಿ. ಬರಿಗೈಯಲ್ಲಿ ಬಂದು ಕಿತ್ತುಕೊಂಡು ಹೋದರೆ ಗುಲ್ಶನ್ ಹೇಳಿದ್ದು ನಿಜವಾಗುತ್ತದೆ. ಅವು ಕೂಲರುಗಳೆಂದು ಒಪ್ಪಿಕೊಳ್ಳುವುದು ಕಷ್ಟವಾದರೆ ಇತರೆ ಕಬ್ಬಿಣದ ಸಾಮಾನು ಎಂದೇ ಒಯ್ಯಿರಿ, ನಾವು ಯಾರೂ ತಕರಾರು ಮಾಡುವುದಿಲ್ಲ. ಮೇ ತಿಂಗಳಲ್ಲಿ ಕೋಣೆಗಳು ಮತ್ತೆ ಖಾಲಿಯಾಗುತ್ತವೆ. ಆಗ ಬಸ್ಸು ಹತ್ತುವ ಪ್ರತಿ ಹುಡುಗನನ್ನೂ ತಡೆದು ಒಂದು ಪ್ರಶ್ನೆ ಕೇಳುವ ವ್ಯವಸ್ಥೆ ಮಾಡಿ: ಬಿಟ್ಟುಹೋಗುತ್ತಿರುವ ಇದನ್ನು ನೀನು ಹೇಗೆ ಮುಟ್ಟುತ್ತಿದ್ದೆ?

ನೀವು ಬರುವವರೆಗೆ ನಾನು ಮಾಡುತ್ತಿರುವುದನ್ನೂ ಹೇಳಿಬಿಡುತ್ತೇನೆ. ಊಟಕ್ಕೆ ಕೂರುವ ಮೊದಲು ಅಕ್ಕನಿಗೆ ಫೋನು ಮಾಡುತ್ತೇನೆ.

"ಕರೆಂಟ್ ಐತೇನಕ್ಕ?"

"ಇಲ್ಲೋ ತಮ್ಮಾ, ಮುಂಜಾನಿಂದ ಇಲ್ಲ. ಕುದ್ದು ಹೋಗಾಕತ್ತೀವಿ."

"ಒಳ್ಳೇದಾತು," ಎನ್ನುತ್ತೇನೆ.

ಮೊದಲ ದಿನ ಅವಳು ಫೋನು ಇಟ್ಟುಬಿಟ್ಟಳು. ಈಗ ಅವಳೂ "ಹೂಂ, ಒಳ್ಳೇದಾತು" ಎನ್ನುತ್ತಾಳೆ. ಕಮಲಾಪುರಕ್ಕೆ ಸರಿಯಾಗಿ ಕರೆಂಟು ಕೊಡಿ ಎಂದು ಪತ್ರಿಕೆಗಳಿಗೆ ಬರೆದ ಮನುಷ್ಯ ನಾನು. ಈಗ ಅಲ್ಲಿ ದೀಪವಿಲ್ಲ ಎಂದು ಕೇಳಿದರೆ ಅನ್ನ ಗಂಟಲಲ್ಲಿ ಇಳಿಯುತ್ತದೆ. ಕರೆಂಟು ಐತಿ ಎಂದು ಅವಳು ಹೇಳಿದ ದಿನ ತಟ್ಟೆ ಸರಿಸಿ ಕೂರುತ್ತೇನೆ, ಆ ಕೂಸು ಈ ಹೊತ್ತಿಗೆ ಎಲ್ಲಿ ನಿಂತಿದೆ, ಏನು ಹಿಡಿದುಕೊಂಡು ನಿಂತಿದೆ ಎಂದು.

ಇಂತಿ,
ಕಮಲಾಪುರಕ್ಕೆ ಕರೆಂಟಿಗಿಂತ ಮೊದಲು ನೀವು ಬಂದು ಮುಟ್ಟಲೆಂದು ಕಾಯುತ್ತಿರುವ,
ಸುಧಾಕರ
ಗಾಜಿಪುರ, ಕಲಬುರಗಿ